ಹಳೆಯ ಕೃಷಿ ಯಂತ್ರೋಪಕರಣಗಳ ಮಾರಾಟ: ಮೊಬೈಲ್ ಜಾಹೀರಾತನ್ನು ಬರೆಯುವ ಕ್ರಮ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತನು ಮಾರುವವನ ಮಾತನ್ನಷ್ಟೇ ಕೇಳಿ ಹಣ ಎಣಿಸುವುದಿಲ್ಲ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸನ್ನು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ವ್ಯಾಪಾರದ ಮಾತು ಆ ಮೇಲಿನದು.

ಈಗ ಹಳೆಯ ಟ್ರ್ಯಾಕ್ಟರ್, ಪವರ್ ಟಿಲ್ಲರ್, ರೋಟವೇಟರ್, ಪಂಪ್‌ಸೆಟ್, ಹನಿ ನೀರಾವರಿ ಕೊಳವೆ ಮುಂತಾದವು ಮೊಬೈಲ್ ಫೋನಿನ ಮೂಲಕ ಕೈ ಬದಲಾಯಿಸುತ್ತಿವೆ. ಊರಿನ ವಾಟ್ಸಾಪ್ ಗುಂಪು, ಫೇಸ್‌ಬುಕ್, ಓಎಲ್‌ಎಕ್ಸ್‌ನಂತಹ ತಾಣಗಳಲ್ಲಿ ರೈತರು ತಾವೇ ಜಾಹೀರಾತು ಹಾಕುತ್ತಾರೆ. ದಲ್ಲಾಳಿಯ ಖರ್ಚಿಲ್ಲ. ದೂರದ ತಾಲ್ಲೂಕಿನವರಿಗೂ ವಿಷಯ ತಲುಪುತ್ತದೆ. ಆದರೆ ಇಲ್ಲಿ ಕೊಳ್ಳುವವನಿಗೆ ವಸ್ತುವನ್ನು ಮುಟ್ಟಿ ನೋಡುವ ಅವಕಾಶವಿಲ್ಲ. ಜಾತ್ರೆಯಲ್ಲಿ ಅವನ ಕಣ್ಣು ಮತ್ತು ಕೈ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮಾರುವವನ ಬರಹವೇ ಮಾಡಬೇಕು. ಅಂತಹ ಬರಹವನ್ನು ಬರೆಯುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದು ಅನುಭವ

2025ರ ಜುಲೈ ತಿಂಗಳಲ್ಲಿ ನಮ್ಮ ಮನೆಯ ಪವರ್ ಟಿಲ್ಲರನ್ನು ಮಾರಬೇಕಾಯಿತು. ನಾನು ಬರೆದ ಜಾಹೀರಾತು ಇಷ್ಟೇ: “ಪವರ್ ಟಿಲ್ಲರ್ ಮಾರಾಟಕ್ಕಿದೆ. ಉತ್ತಮ ಸ್ಥಿತಿ. ಬೆಲೆಗೆ ಫೋನ್ ಮಾಡಿ.” ಎರಡು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಕರೆಗಳು ಬಂದವು. ಎಲ್ಲರೂ ಕೇಳಿದ್ದು ಅದೇ ಐದಾರು ಪ್ರಶ್ನೆ: ಯಾವ ಕಂಪನಿ, ಯಾವ ವರ್ಷದ್ದು, ಎಷ್ಟು ಅಶ್ವಶಕ್ತಿ, ಊರು ಯಾವುದು, ಬೆಲೆ ಎಷ್ಟು, ರಿಪೇರಿ ಏನಾದರೂ ಇದೆಯೇ.

ಮೂರನೆಯ ದಿನ ಪಕ್ಕದ ಜಿಲ್ಲೆಯಿಂದ ರೈತರೊಬ್ಬರು ಸರಕು ವಾಹನವನ್ನು ಬಾಡಿಗೆಗೆ ಮಾಡಿಕೊಂಡೇ ಬಂದರು. ಅವರ ಗದ್ದೆಗೆ ನೀರು ಬಿಟ್ಟಾಗಿತ್ತು, ಸಸಿಮಡಿ ನಾಟಿಗೆ ಸಿದ್ಧವಾಗಿತ್ತು, ಕೆಸರು ಉಳುಮೆಗೆ ಯಂತ್ರ ತುರ್ತಾಗಿ ಬೇಕಾಗಿತ್ತು. ಟಿಲ್ಲರನ್ನು ಚಾಲೂ ಮಾಡಿ ನೋಡಿದಾಗ ರೋಟರಿಯ ಚೈನ್ ಡಬ್ಬಿಯಿಂದ ಆಯಿಲ್ ಸೋರುವುದು ಅವರ ಕಣ್ಣಿಗೆ ಬಿತ್ತು. ಸೋರುವುದು ನನಗೆ ಗೊತ್ತಿತ್ತು; ಸಣ್ಣ ವಿಷಯವೆಂದು ಬರೆದಿರಲಿಲ್ಲ. ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ ಎಂಬ ಸಂಶಯ ಅವರಿಗೆ ಬಂದದ್ದು ಸಹಜ. “ಇಷ್ಟನ್ನು ಮೊದಲೇ ಬರೆದಿದ್ದರೆ ಮೆಕ್ಯಾನಿಕ್ಕನನ್ನೂ ಸೀಲನ್ನೂ ಜೊತೆಗೇ ತರುತ್ತಿದ್ದೆ ಸ್ವಾಮಿ” ಎಂದು ಹೇಳಿ ಖಾಲಿ ಗಾಡಿಯಲ್ಲಿ ಹಿಂದಿರುಗಿದರು. ಬಾಡಿಗೆ ಹಣ ಅವರ ಕೈಯಿಂದ ಹೋಯಿತು. ನಾಟಿಯ ಕಾಲದ ಒಂದು ದಿನವೂ ಹೋಯಿತು. ದೋಷ ಇದ್ದುದರಿಂದ ವ್ಯಾಪಾರ ಕೆಡಲಿಲ್ಲ. ಅದನ್ನು ಬರೆಯದೆ ಇದ್ದುದರಿಂದ ಕೆಟ್ಟಿತು. ಅಂದು ರಾತ್ರಿಯೇ ಜಾಹೀರಾತನ್ನು ಹೊಸದಾಗಿ ಬರೆದೆ. ಅದನ್ನು ಮುಂದೆ ಮಾದರಿಯಾಗಿ ಕೊಡಲಾಗಿದೆ.

ದೋಷವನ್ನು ಏಕೆ ಬರೆಯಬೇಕು?

ಬಿತ್ತನೆ ಬೀಜದ ಚೀಲಕ್ಕೆ ಕಟ್ಟಿರುವ ಚೀಟಿಯನ್ನು ರೈತರೆಲ್ಲರೂ ನೋಡಿದ್ದಾರೆ. 1966ರ ಬೀಜ ಕಾಯಿದೆಯಂತೆ ಬೀಜದ ಮೊಳಕೆಯ ಪ್ರಮಾಣ ಮತ್ತು ಶುದ್ಧತೆಯನ್ನು ಚೀಟಿಯಲ್ಲಿ ನಮೂದಿಸಬೇಕು. ಪ್ರಮಾಣಿತ ಭತ್ತದ ಬೀಜಕ್ಕೆ ಕನಿಷ್ಠ ಮೊಳಕೆ ಶೇ. 80, ಭೌತಿಕ ಶುದ್ಧತೆ ಶೇ. 98. ಎಂದರೆ ನೂರು ಕಾಳಿನಲ್ಲಿ ಇಪ್ಪತ್ತರವರೆಗೆ ಮೊಳೆಯದೆ ಇರಬಹುದೆಂದು ಚೀಟಿಯೇ ಹೇಳುತ್ತದೆ. ಹಾಗೆಂದು ಆ ಬೀಜವನ್ನು ಯಾರೂ ತಿರಸ್ಕರಿಸುವುದಿಲ್ಲ. ಬೀಜದ ಪ್ರಮಾಣವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತಾರೆ. ಕೊರತೆಯನ್ನು ಅಂಕಿಯಲ್ಲಿ ತಿಳಿಸಿದಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ತಿಳಿಸದಿದ್ದಾಗ ಭಯ ಮಾತ್ರ ಉಳಿಯುತ್ತದೆ.

ಈ ಭಯಕ್ಕೂ ಬೆಲೆಗೂ ಇರುವ ಸಂಬಂಧವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರು 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ವಿವರಿಸಿದರು. ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದಾಗ ಅವನು ಎಲ್ಲಕ್ಕೂ ನಡುವಿನ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆ ಗಿಟ್ಟದೆ ಒಳ್ಳೆಯ ಕಾರಿನ ಒಡೆಯರು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತಾರೆ. ಕೊನೆಗೆ ಕೆಟ್ಟವೇ ಹೆಚ್ಚಾಗಿ ಉಳಿಯುತ್ತವೆ. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಮೂವರಲ್ಲಿ ಇವರೂ ಒಬ್ಬರು. ನಮ್ಮ ಟ್ರ್ಯಾಕ್ಟರು ಪಂಪುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಯಂತ್ರವನ್ನು ಚೆನ್ನಾಗಿ ನೋಡಿಕೊಂಡ ರೈತನಿಗೆ ಅದರ ಫಲ ಸಿಗಬೇಕಾದರೆ, ಹಾಗೆ ನೋಡಿಕೊಂಡದ್ದು ಬರಹದಲ್ಲಿ ಕಾಣಬೇಕು.

ಜಾಹೀರಾತಿನಲ್ಲಿ ಇರಬೇಕಾದ ಅಂಶಗಳು

1. ಮೊದಲ ಸಾಲಿನಲ್ಲಿ ವಸ್ತುವಿನ ರೂಢಿಯ ಹೆಸರು, ಕಂಪನಿ, ಮಾದರಿ, ಕೊಂಡ ವರ್ಷ ಮತ್ತು ತಾಲ್ಲೂಕು. ಹುಡುಕುವವರು ಮೊದಲು ಓದುವುದು ಈ ಸಾಲನ್ನೇ.

2. ಅಳತೆ ಮತ್ತು ಶಕ್ತಿ: ಅಶ್ವಶಕ್ತಿ, ಅಡಿ, ಮಿಲಿಮೀಟರ್, ಲೀಟರ್ ಮುಂತಾದವು. “ದೊಡ್ಡದು”, “ಶಕ್ತಿಶಾಲಿ” ಎಂಬ ಮಾತುಗಳಿಂದ ಪ್ರಯೋಜನವಿಲ್ಲ.

3. ಎಷ್ಟು ದುಡಿದಿದೆ: ಗಂಟೆ ಮೀಟರಿನ ಅಂಕಿ, ಮೀಟರ್ ಇಲ್ಲದಿದ್ದರೆ ಅಥವಾ ಕೆಟ್ಟಿದ್ದರೆ ಹಾಗೆಂದೇ ಬರೆದು, ವರ್ಷಕ್ಕೆ ಎಷ್ಟು ಎಕರೆ, ಎಷ್ಟು ಹಂಗಾಮು ಬಳಸಲಾಗಿದೆ ಎಂಬುದು.

4. ಮಾಡಿಸಿದ ರಿಪೇರಿ ಮತ್ತು ಬದಲಾಯಿಸಿದ ಭಾಗಗಳು, ತಿಂಗಳು ವರ್ಷ ಸಹಿತ.

5. ಈಗ ಇರುವ ದೋಷಗಳು. ಸಣ್ಣದು ದೊಡ್ಡದು ಎಂದು ನಾವೇ ತೀರ್ಮಾನಿಸದೆ ಎಲ್ಲವನ್ನೂ ಬರೆಯಬೇಕು.

6. ಮಾರುವುದಕ್ಕೆ ಕಾರಣ. ಇದನ್ನು ಬರೆಯದಿದ್ದರೆ ಓದುವವನು ತಾನೇ ಒಂದು ಕಾರಣವನ್ನು ಊಹಿಸಿಕೊಳ್ಳುತ್ತಾನೆ.

7. ಜೊತೆಗೆ ಕೊಡುವ ಸಾಮಾನು ಮತ್ತು ಇರುವ ಕಾಗದ ಪತ್ರಗಳು.

8. ಬೆಲೆ, ನೋಡಲು ಬರಬಹುದಾದ ಸಮಯ, ಸಾಗಣೆ ಯಾರದು ಎಂಬುದು.

ಮಾದರಿ ಜಾಹೀರಾತು

“ಪವರ್ ಟಿಲ್ಲರ್, (ಇಲ್ಲಿ ಕಂಪನಿ ಮತ್ತು ಮಾದರಿ), 13 ಅಶ್ವಶಕ್ತಿ, 2019ರದ್ದು, ಮದ್ದೂರು ತಾಲ್ಲೂಕು. 2019ರ ಜೂನ್‌ನಲ್ಲಿ ಹೊಸದಾಗಿ ಕೊಂಡದ್ದು, ಒಬ್ಬರೇ ಬಳಸಿದ್ದು. ಗಂಟೆ ಮೀಟರ್ ಇಲ್ಲ. ವರ್ಷಕ್ಕೆ ಎರಡು ಹಂಗಾಮು, ಸ್ವಂತ 3 ಎಕರೆ ಗದ್ದೆಗೂ ಸ್ವಲ್ಪ ಬಾಡಿಗೆ ಕೆಲಸಕ್ಕೂ ಬಳಕೆಯಾಗಿದೆ. 2023ರಲ್ಲಿ ಕ್ಲಚ್ ಪ್ಲೇಟು ಮತ್ತು ಬೆಲ್ಟುಗಳನ್ನು ಬದಲಾಯಿಸಿದೆ. ದೋಷಗಳು: ರೋಟರಿ ಚೈನ್ ಡಬ್ಬಿಯ ಸೀಲಿನಲ್ಲಿ ಆಯಿಲ್ ಸೋರುತ್ತದೆ, 18 ಕತ್ತಿಗಳಲ್ಲಿ 6 ಸವೆದಿವೆ, ಎಡಗಡೆಯ ಸ್ಟಿಯರಿಂಗ್ ಕ್ಲಚ್ ಬಿಗಿಯಾಗಿದೆ. ಇಂಜಿನ್ ತಣ್ಣಗಿರುವಾಗಲೂ ಸುಲಭವಾಗಿ ಚಾಲೂ ಆಗುತ್ತದೆ, ವಿಡಿಯೋ ಹಾಕಿದೆ. ಕೆಸರು ಚಕ್ರ ಒಂದು ಜೊತೆ ಕೊಡುತ್ತೇವೆ. ಮೂಲ ಬಿಲ್ ಇದೆ, ಸಾಲವಿಲ್ಲ, ಸಹಾಯಧನ ಪಡೆದಿಲ್ಲ. ಮಾರುವ ಕಾರಣ: ಗದ್ದೆಯನ್ನು ಗುತ್ತಿಗೆಗೆ ಕೊಟ್ಟಿದೆ. ಬೆಲೆ ರೂ. 78,000, ಯಂತ್ರ ನೋಡಿದ ಮೇಲೆ ಸ್ವಲ್ಪ ಮಾತಾಡಬಹುದು. ಬೆಳಿಗ್ಗೆ 7ರಿಂದ 10ರವರೆಗೆ ನೋಡಬಹುದು. ಮೆಕ್ಯಾನಿಕ್ಕನನ್ನು ಕರೆತನ್ನಿ. ಸಾಗಣೆ ಕೊಳ್ಳುವವರದು.”

ಈ ಜಾಹೀರಾತಿಗೆ ಬಂದ ಕರೆಗಳು ಮೊದಲಿಗಿಂತ ಬಹಳ ಕಡಿಮೆ. ಆದರೆ ಕರೆ ಮಾಡಿದವರು ಕೊಳ್ಳುವ ಮನಸ್ಸಿದ್ದವರೇ. ನೋಡಲು ಬಂದ ಎರಡನೆಯವರು ಮೆಕ್ಯಾನಿಕ್ಕನೊಡನೆ ಬಂದು, ಸೀಲನ್ನು ಅಲ್ಲೇ ಹಾಕಿಸಿಕೊಂಡು ಯಂತ್ರವನ್ನು ಒಯ್ದರು.

ಉಪಕರಣಕ್ಕೆ ತಕ್ಕ ವಿವರಗಳು

ಸಬ್‌ಮರ್ಸಿಬಲ್ ಪಂಪು: “5 ಎಚ್‌ಪಿ ಮೋಟರು” ಎಂದಷ್ಟೇ ಬರೆದರೆ ಸಾಲದು. ನಾಮಫಲಕದಲ್ಲಿರುವ ಹೆಡ್, ಸ್ಟೇಜ್‌ಗಳ ಸಂಖ್ಯೆ, ಫೇಸ್, ನೀರು ಹೊರಬರುವ ಕೊಳವೆಯ ಅಳತೆ, ಎಷ್ಟು ಇಂಚಿನ ಕೊಳವೆ ಬಾವಿಗೆ ಇಳಿಯುತ್ತದೆ, ಈ ತನಕ ಎಷ್ಟು ಅಡಿ ಆಳದಲ್ಲಿ ಇಳಿಸಲಾಗಿತ್ತು, ಇವನ್ನು ಬರೆಯಬೇಕು. ಉದಾಹರಣೆಗೆ, ಕೊಳ್ಳುವವನ ಬಾವಿಯಲ್ಲಿ ಪಂಪು ಓಡುವಾಗ ನೀರು 400 ಅಡಿಯಲ್ಲಿ ನಿಲ್ಲುತ್ತದೆಂದು ಇಟ್ಟುಕೊಳ್ಳೋಣ. ಇದು ಸುಮಾರು 122 ಮೀಟರ್. ಗರಿಷ್ಠ ಹೆಡ್ 90 ಮೀಟರ್ ಇರುವ ಪಂಪನ್ನು ಅಲ್ಲಿ ಇಳಿಸಿದರೆ ಮೋಟರ್ ತಿರುಗುತ್ತದೆ, ವಿದ್ಯುತ್ ಖರ್ಚಾಗುತ್ತದೆ, ನೀರು ಮಾತ್ರ ಮೇಲೆ ಬರುವುದಿಲ್ಲ. ಇಳಿಸುವ, ಎತ್ತುವ ಕೂಲಿಯೂ ದಂಡ. ಇದು ತಿಳಿಯುವ ಹೊತ್ತಿಗೆ ಬೇಸಿಗೆಯ ಬೆಳೆ ಬಾಡಿರುತ್ತದೆ. ಮೋಟರ್ ಸುಟ್ಟುಹೋಗಿ ವೈಂಡಿಂಗ್ ಮಾಡಿಸಿದ್ದರೆ ಎಷ್ಟು ಸಲ ಎಂಬುದನ್ನೂ ಬರೆಯಬೇಕು.

ಹನಿ ನೀರಾವರಿ ಕೊಳವೆ: ವ್ಯಾಸ, ಒಟ್ಟು ಉದ್ದ, ಡ್ರಿಪ್ಪರುಗಳ ನಡುವಿನ ಅಂತರ, ಗಂಟೆಗೆ ಎಷ್ಟು ಲೀಟರ್, ಎಷ್ಟು ವರ್ಷ ಬಳಸಿದ್ದು, ಇಲಿ ಅಳಿಲು ಕಡಿದು ತೇಪೆ ಹಾಕಿದ ಜಾಗಗಳು ಎಷ್ಟು ಎಂಬುದನ್ನು ತಿಳಿಸಬೇಕು. ಗಡಸು ನೀರಿನಲ್ಲಿ ಬಳಸಿದ ಡ್ರಿಪ್ಪರುಗಳು ಸುಣ್ಣ ಕಟ್ಟಿಕೊಂಡಿರುವುದು ಸಾಮಾನ್ಯ. ಇದನ್ನು ಮಾರುವ ಮೊದಲೇ ಪರೀಕ್ಷಿಸುವುದು ಸುಲಭ. ಸರಿಯಾದ ಒತ್ತಡದಲ್ಲಿ ನೀರು ಬಿಟ್ಟು, ಬೇರೆ ಬೇರೆ ಕಡೆಯ ಹತ್ತು ಡ್ರಿಪ್ಪರುಗಳ ಕೆಳಗೆ ಲೋಟವಿಟ್ಟು ಮೂರು ನಿಮಿಷ ಹಿಡಿಯಬೇಕು. ಗಂಟೆಗೆ 4 ಲೀಟರಿನ ಡ್ರಿಪ್ಪರ್ ಆದರೆ ಪ್ರತಿ ಲೋಟದಲ್ಲಿ 200 ಮಿ.ಲೀ. ಬರಬೇಕು. “ಹತ್ತರಲ್ಲಿ ಏಳು ಸರಿಯಾಗಿ ಕೊಟ್ಟವು, ಎರಡು ಅರ್ಧ ಕೊಟ್ಟವು, ಒಂದು ಕಟ್ಟಿದೆ” ಎಂಬ ಒಂದು ಸಾಲು ಹತ್ತು ಛಾಯಾಚಿತ್ರಗಳಿಗಿಂತ ಹೆಚ್ಚು ತಿಳಿಸುತ್ತದೆ.

ಸಿಂಪಡಣಾ ಯಂತ್ರ: ಇದರಲ್ಲಿ ಕಳೆನಾಶಕ ಬಳಸಲಾಗಿತ್ತೇ, ಬಳಸಿದ್ದರೆ ಯಾವುದು ಎಂಬುದನ್ನು ತಪ್ಪದೆ ಬರೆಯಬೇಕು. ಇದು ಬೆಲೆಯ ಪ್ರಶ್ನೆಯಲ್ಲ, ಮತ್ತೊಬ್ಬರ ಬೆಳೆಯ ಪ್ರಶ್ನೆ. 2,4-ಡಿ ಸಿಂಪಡಿಸಿದ ಡಬ್ಬಿಯನ್ನು ಬರಿ ನೀರಿನಲ್ಲಿ ತೊಳೆದರೆ ಅದು ಪೂರ್ತಿಯಾಗಿ ಹೋಗುವುದಿಲ್ಲ. ರಬ್ಬರ್ ಕೊಳವೆ, ವಾಷರುಗಳಲ್ಲಿ ಅಂಶ ಉಳಿಯುತ್ತದೆ. ಹತ್ತಿ, ಟೊಮೇಟೊ, ದ್ರಾಕ್ಷಿ ಬೆಳೆಗಳು ಇದರ ಅತ್ಯಲ್ಪ ಅಂಶಕ್ಕೂ ತುತ್ತಾಗುತ್ತವೆ. ಎಲೆಗಳು ಕಿರಿದಾಗಿ ಮುರುಟುತ್ತವೆ, ಕಾಂಡ ತಿರುಚಿಕೊಳ್ಳುತ್ತದೆ. ಕೀಟನಾಶಕ ಹೊಡೆದ ರೈತನು ಇದನ್ನು ರೋಗವೆಂದು ಭ್ರಮಿಸಿ ಮತ್ತಷ್ಟು ಔಷಧಕ್ಕೆ ಹಣ ಸುರಿಯುತ್ತಾನೆ. ಕಳೆನಾಶಕಕ್ಕೆ ಬಳಸಿದ ಯಂತ್ರವನ್ನು “ಕಳೆನಾಶಕಕ್ಕೆ ಮಾತ್ರ” ಎಂದು ಬರೆದು ಮಾರುವುದೇ ಸರಿಯಾದ ಕ್ರಮ.

ಟ್ರ್ಯಾಕ್ಟರ್: ಗಂಟೆ ಮೀಟರಿನ ಅಂಕಿ, ನಾಲ್ಕೂ ಟಯರುಗಳ ಹಲ್ಲು ಎಷ್ಟು ಉಳಿದಿದೆ, ಹೈಡ್ರಾಲಿಕ್ ಭಾರ ಎತ್ತಿ ನಿಲ್ಲಿಸುತ್ತದೆಯೇ, ಇಂಜಿನ್ ಬಿಚ್ಚಿ ಕೆಲಸ ಮಾಡಿಸಲಾಗಿದೆಯೇ, ಬ್ಯಾಟರಿ ಯಾವ ವರ್ಷದ್ದು ಎಂಬುದನ್ನು ಬರೆಯಬೇಕು. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ ಎಂದು ತಿಳಿದವರಿಗೆ ಗೊತ್ತಾಗುತ್ತದೆ. ಆದುದರಿಂದ ತಣ್ಣಗಿರುವ ಇಂಜಿನ್ನನ್ನು ಚಾಲೂ ಮಾಡಿ ಹೊಗೆ ಕಾಣುವಂತೆ ಒಂದು ನಿಮಿಷದ ವಿಡಿಯೋ ಹಾಕುವುದು ಒಳ್ಳೆಯದು.

ಛಾಯಾಚಿತ್ರಗಳು

ವಸ್ತುವನ್ನು ತೊಳೆದು, ಬೆಳಗಿನ ಅಥವಾ ಸಂಜೆಯ ಬೆಳಕಿನಲ್ಲಿ, ಬಯಲಿನಲ್ಲಿ ನಿಲ್ಲಿಸಿ ತೆಗೆಯಬೇಕು. ಮುಂದೆ, ಹಿಂದೆ, ಎರಡು ಪಕ್ಕ, ನಾಮಫಲಕ, ಗಂಟೆ ಮೀಟರ್, ಟಯರು, ಇವಿಷ್ಟು ಅಗತ್ಯ. ಇವುಗಳೊಂದಿಗೆ ದೋಷವಿರುವ ಭಾಗವನ್ನು ಹತ್ತಿರದಿಂದ ತೆಗೆದ ಒಂದು ಚಿತ್ರವೂ ಇರಲೇಬೇಕು. ಸವೆದ ಕತ್ತಿಯ ಪಕ್ಕದಲ್ಲಿ ಒಂದು ಅಳತೆ ಪಟ್ಟಿಯನ್ನೋ ಹೊಸ ಕತ್ತಿಯನ್ನೋ ಇಟ್ಟರೆ ಸವೆತ ಎಷ್ಟೆಂಬುದು ತಿಳಿಯುತ್ತದೆ. ಕಂಪನಿಯ ಜಾಹೀರಾತಿನ ಚಿತ್ರವನ್ನು ಹಾಕಬಾರದು. ಆಧಾರ್ ಚೀಟಿ, ಬ್ಯಾಂಕ್ ಪುಸ್ತಕ, ನೋಂದಣಿ ಪತ್ರಗಳ ಚಿತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕುವುದು ಅಪಾಯ. ಅವನ್ನು ಬಂದವರಿಗೆ ಎದುರಿನಲ್ಲಿ ತೋರಿಸಿದರೆ ಸಾಕು.

ಬೆಲೆ ನಿಗದಿ

“ಬೆಲೆಗೆ ಫೋನ್ ಮಾಡಿ” ಎಂದು ಬರೆದರೆ ಇಬ್ಬರ ಸಮಯವೂ ವ್ಯರ್ಥ. ಬೆಲೆಯನ್ನು ಅಂದಾಜು ಮಾಡಲು ಸರಳ ಸವಕಳಿ ಲೆಕ್ಕ ಉಪಯುಕ್ತ. ಕೊಂಡ ಬೆಲೆಯಲ್ಲಿ ಹತ್ತನೆಯ ಒಂದು ಭಾಗವನ್ನು ಗುಜರಿ ಬೆಲೆಯೆಂದು ಬಿಟ್ಟು, ಉಳಿದುದನ್ನು ಯಂತ್ರದ ಆಯುಷ್ಯದ ವರ್ಷಗಳಿಂದ ಭಾಗಿಸಿದರೆ ವರ್ಷದ ಸವಕಳಿ ಬರುತ್ತದೆ. ಮೇಲಿನ ಟಿಲ್ಲರಿನ ಲೆಕ್ಕ ಹೀಗಿತ್ತು:

ಕೊಂಡ ಬೆಲೆ: ರೂ. 1,80,000
ಗುಜರಿ ಬೆಲೆ: ರೂ. 18,000
ಆಯುಷ್ಯ: 10 ವರ್ಷ
ವರ್ಷದ ಸವಕಳಿ: ರೂ. 16,200
6 ವರ್ಷದ ಸವಕಳಿ: ರೂ. 97,200
ಉಳಿದ ಮೌಲ್ಯ: ರೂ. 82,800
ಸೀಲು, ಕತ್ತಿ ಮತ್ತು ಕೂಲಿಗೆ ಅಂದಾಜು: ರೂ. 5,000
ನಿವ್ವಳ: ರೂ. 77,800

ಇದು ಆಧಾರ ಮಾತ್ರ. ಹೊಸ ಯಂತ್ರದ ಬೆಲೆ ಏರಿದ್ದರೆ ಹಳೆಯದಕ್ಕೂ ಬೆಲೆ ಏರಬಹುದು. ಹೆಚ್ಚು ದುಡಿಸಿದ್ದರೆ ಇಳಿಯುತ್ತದೆ. ಸುತ್ತಮುತ್ತ ಅಂತಹುದೇ ಯಂತ್ರ ಯಾವ ಬೆಲೆಗೆ ಮಾರಾಟವಾಯಿತೆಂದು ವಿಚಾರಿಸಿ ಹೊಂದಿಸಿಕೊಳ್ಳಬೇಕು. ಲೆಕ್ಕ ಕೈಯಲ್ಲಿದ್ದರೆ ಚೌಕಾಸಿಯಲ್ಲಿ ಎಲ್ಲಿ ನಿಲ್ಲಬೇಕೆಂಬುದು ತಿಳಿದಿರುತ್ತದೆ.

ಕಾಗದ ಪತ್ರಗಳು

ಟ್ರ್ಯಾಕ್ಟರ್ ಮಾರಿದಾಗ ಹಣ ಪಡೆದು ಕೀಲಿ ಕೊಟ್ಟರೆ ಕೆಲಸ ಮುಗಿಯಲಿಲ್ಲ. ನಮೂನೆ 29 ಮತ್ತು 30ರಲ್ಲಿ ಒಡೆತನದ ವರ್ಗಾವಣೆಯನ್ನು ಸಾರಿಗೆ ಕಚೇರಿಗೆ ತಿಳಿಸಬೇಕು. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ, ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳಲ್ಲಿ ಹಾಗೂ ಕೊಂಡವನು 30 ದಿನಗಳಲ್ಲಿ ವರದಿ ಮಾಡಬೇಕು. ಬ್ಯಾಂಕಿನ ಸಾಲ ತೀರಿದ್ದರೆ ನಮೂನೆ 35ರ ಮೂಲಕ ನೋಂದಣಿ ಪತ್ರದಲ್ಲಿರುವ ಸಾಲದ ನಮೂದನ್ನು ಮೊದಲೇ ತೆಗೆಸಿರಬೇಕು. ಹೆಸರು ಬದಲಾಗುವ ಮೊದಲು ಆ ಟ್ರ್ಯಾಕ್ಟರಿನಿಂದ ಅಪಘಾತವಾದರೆ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದು ಸರ್ವೋಚ್ಚ ನ್ಯಾಯಾಲಯವು 2018ರ ಒಂದು ತೀರ್ಪಿನಲ್ಲಿ ಎತ್ತಿಹಿಡಿದಿದೆ. ವಾಹನ ಮಾರಿಯಾಗಿದೆ ಎಂಬ ಮಾತು ಅಲ್ಲಿ ರಕ್ಷಣೆಗೆ ಬರುವುದಿಲ್ಲ.

ಸಹಾಯಧನದಲ್ಲಿ ಪಡೆದ ಉಪಕರಣವಾದರೆ ಮಂಜೂರಾತಿಯ ಷರತ್ತುಗಳನ್ನು ಓದಿ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದ ಮೇಲೆಯೇ ಜಾಹೀರಾತು ಹಾಕಬೇಕು. ಮಾರಾಟದ ದಿನ ದೋಷಗಳನ್ನೂ ಸೇರಿಸಿ ಎರಡು ಪ್ರತಿಗಳಲ್ಲಿ ಒಂದು ರಸೀದಿ ಬರೆದು ಇಬ್ಬರೂ ಸಹಿ ಮಾಡಿದರೆ ಮುಂದೆ ತಕರಾರಿಗೆ ಎಡೆ ಇರುವುದಿಲ್ಲ.

ಹಣ ಪಡೆಯುವಾಗ ಎಚ್ಚರಿಕೆ

ಜಾಹೀರಾತು ಹಾಕಿದ ಕೂಡಲೇ ಮೋಸಗಾರರ ಕರೆಯೂ ಬರಬಹುದು. ವಸ್ತುವನ್ನು ನೋಡದೆಯೇ, ಚೌಕಾಸಿಯೂ ಇಲ್ಲದೆ ಕೊಳ್ಳುತ್ತೇನೆ ಎನ್ನುವವರ ಬಗ್ಗೆ ಸಂಶಯವಿರಲಿ. ಸೈನ್ಯದಲ್ಲಿದ್ದೇನೆ, ಮುಂಗಡ ಕಳುಹಿಸುತ್ತೇನೆ, ಈ ಚೌಕದ ಸಂಕೇತವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದು ಹೇಳುವುದು ಇವರ ರೂಢಿ. ಹಣ ಪಡೆಯುವುದಕ್ಕೆ ಪಿನ್ ಒತ್ತುವ ಅಗತ್ಯ ಎಂದಿಗೂ ಇಲ್ಲ. ಪಿನ್ ಒತ್ತಿದರೆ ಹಣ ನಿಮ್ಮ ಖಾತೆಯಿಂದ ಹೊರಗೆ ಹೋಗುತ್ತದೆ. ಹಣ ಜಮಾ ಆದುದನ್ನು ಬಂದ ಸಂದೇಶದಿಂದಲ್ಲ, ಖಾತೆಯಲ್ಲಿಯೇ ನೋಡಿ ಖಚಿತಪಡಿಸಿಕೊಂಡು ವಸ್ತುವನ್ನು ಕೊಡಬೇಕು. ಮೋಸವಾದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಜಾಹೀರಾತಿಗೆ ಹಾಕಬಾರದ ವಸ್ತುಗಳು

ಉಳಿದ ಕೀಟನಾಶಕವನ್ನು ಮಾರುವಂತಿಲ್ಲ. 1968ರ ಕೀಟನಾಶಕ ಕಾಯಿದೆಯಂತೆ ಅದಕ್ಕೆ ಪರವಾನಗಿ ಬೇಕು. ಕೀಟನಾಶಕದ ಖಾಲಿ ಡಬ್ಬ, ಡ್ರಮ್ಮುಗಳನ್ನು ನೀರು ತುಂಬಲು ಬರುತ್ತದೆಂದು ಮಾರುವುದಂತೂ ಪ್ರಾಣಕ್ಕೆ ಅಪಾಯ. ಅವುಗಳ ಮರುಬಳಕೆ ಆಗದಂತೆ ನೋಡಿಕೊಳ್ಳಬೇಕೆಂದು 1971ರ ಕೀಟನಾಶಕ ನಿಯಮಗಳು ವಿಧಿಸುತ್ತವೆ.

ವಸ್ತು ಮಾರಾಟವಾದ ದಿನವೇ ಜಾಹೀರಾತನ್ನು ತೆಗೆದುಹಾಕಬೇಕು. ಇಲ್ಲವಾದರೆ ಮತ್ತೊಬ್ಬರು ಬಸ್ಸು ಹತ್ತಿ ಬಂದು ಬರಿಗೈಯಲ್ಲಿ ಹೋಗಬೇಕಾಗುತ್ತದೆ. ನೋಡಲು ಬರುವೆನೆಂದು ಒಬ್ಬರಿಗೆ ಸಮಯ ಕೊಟ್ಟ ಮೇಲೆ ಬೇರೆಯವರಿಗೆ ಮಾರಬೇಕಾಗಿ ಬಂದರೆ, ಅವರು ಮನೆ ಬಿಡುವ ಮೊದಲೇ ಫೋನ್ ಮಾಡಿ ತಿಳಿಸಬೇಕು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ನಮ್ಮ ಹಿರಿಯರ ಮಾತು. ನನ್ನ ಮಟ್ಟಿಗೆ ಅದು ಒಂದು ಆಯಿಲ್ ಸೀಲಿನ ವಿಷಯವಾಗಿತ್ತು. ಹಳೆಯ ಯಂತ್ರವನ್ನು ಕೊಳ್ಳುವವರು ಹೆಚ್ಚಾಗಿ ಹೊಸದನ್ನು ಕೊಳ್ಳಲಾರದ ಸಣ್ಣ ರೈತರು. ಒಂದು ತಪ್ಪು ಖರೀದಿಯಿಂದ ಅವರ ಒಂದು ಹಂಗಾಮೇ ಕೆಡಬಹುದು. ರೈತ ಬಾಂಧವರು ಜಾಹೀರಾತು ಹಾಕುವ ಮೊದಲು ಒಮ್ಮೆ ಯಂತ್ರದ ಬಳಿ ನಿಂತು, ತಾವೇ ಇದನ್ನು ದೂರದಿಂದ ಕೊಳ್ಳುವುದಾದರೆ ಏನೇನು ಕೇಳುತ್ತಿದ್ದಿರಿ ಎಂದು ಯೋಚಿಸಿ, ಆ ಪ್ರಶ್ನೆಗಳಿಗೆಲ್ಲ ಉತ್ತರವನ್ನು ಅಂಕಿ ಸಹಿತ ಬರೆದರೆ ಮಾರುವವರಿಗೂ ಕೊಳ್ಳುವವರಿಗೂ ಅನುಕೂಲವಾಗುತ್ತದೆ.